ಕ್ರಾಸಿನಿಂದ ಸಾಲಿತನಕ ಇಂಗ್ಲಿಷು

ಇಂಗ್ಲಿಷ್ ಕಲಿಸುವ ನೌಕರಿ ಸಿಕ್ಕಾಗ ನನಗೆ ಇಂಗ್ಲಿಷ್ ಮಾತಾಡಲು ಬರುತ್ತಿರಲಿಲ್ಲ. ಈಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಆಗ ನಗುವವರು ಯಾರೂ ಇರಲಿಲ್ಲ, ಏಕೆಂದರೆ ಅದು ಇನ್ನೊಬ್ಬರಿಗೆ ಗೊತ್ತಾಗುವ ಪ್ರಸಂಗವೇ ಬರುತ್ತಿರಲಿಲ್ಲ. ಬಸವನ ಬಾಗೇವಾಡಿಯ ಕನ್ನಡ ಸಾಲೆಯಲ್ಲಿ ಓದಿ, ಬಿಜಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನೇ ಆರಿಸಿಕೊಂಡು, ಮೇಲೆ ಬಿ.ಎಡ್. ಕೂಡ ಮಾಡಿದ್ದೆ. ಹಳೆಯ ನಾಟಕಗಳ ರಾಜರು ಯಾವ ಗುಣದೋಷದಿಂದ ಹಾಳಾದರು ಎಂದು ಪುಟಗಟ್ಟಲೆ ಬರೆಯಬಲ್ಲವಳಾಗಿದ್ದೆ. ಆದರೆ ಅಂಗಡಿಗೆ ಹೋಗಿ ಒಂದು ಸಾಬೂನು ಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳು ಅಂದಿದ್ದರೆ ಬೆವರುತ್ತಿದ್ದೆ. ನಮ್ಮೂರಿನ ಅಂಗಡಿಯವರು ಯಾರೂ ಹಾಗೆ ಕೇಳು ಅನ್ನಲಿಲ್ಲ, ಅದು ಅವರ ದೊಡ್ಡತನ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಇಂಡಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ನನ್ನನ್ನು ಹಾಕಿದರು. ಇಂಡಿಯಲ್ಲಿ ಸೋದರತ್ತೆಯ ಮನೆ ಇತ್ತು, ಅಲ್ಲಿಯೇ ಇದ್ದುಕೊಂಡು ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಬಸ್ಸು ಊರೊಳಗೆ ಹೋಗುತ್ತಿರಲಿಲ್ಲ. ಕ್ರಾಸಿನಲ್ಲಿ ಇಳಿಸಿ ಸಿಂದಗಿಯ ಕಡೆ ಹೊರಟು ಹೋಗುತ್ತಿತ್ತು. ಅಲ್ಲಿಂದ ಸಾಲೆಯವರೆಗೆ ಎರೆ ಹೊಲಗಳ ನಡುವೆ ನಡೆಯಬೇಕು. ಒಂದು ಕಡೆ ತೊಗರಿ, ಇನ್ನೊಂದು ಕಡೆ ಜೋಳ, ಅರ್ಧ ದಾರಿಗೆ ಒಂದು ನಿಂಬೆಯ ತೋಟ.

ಸಾಲೆಯಲ್ಲಿ ಆಗಲೇ ಒಬ್ಬ ಇಂಗ್ಲಿಷ್ ಮಾಸ್ತರರಿದ್ದರು. ಮುದ್ದೇಬಿಹಾಳದ ಕಡೆಯವರು, ನೌಕರಿಗಾಗಿ ಬಂದು ಇಂಡಿಯಲ್ಲೇ ಮನೆ ಮಾಡಿಕೊಂಡವರು. ನಿವೃತ್ತಿಗೆ ಕೆಲವೇ ವರ್ಷಗಳಿದ್ದವು. ಬಿಳಿ ಪ್ಯಾಂಟು, ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು. ನಾನು ಹಾಜರಾದ ದಿನ ಹೆಡ್‌ಮಾಸ್ತರರು ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿ, ಇನ್ನು ಸಾಲೆಗೆ ಇಬ್ಬರು ಇಂಗ್ಲಿಷಿನವರಾದರು, ನನಗೆ ಚಿಂತೆಯಿಲ್ಲ ಎಂದರು. ಚಿಂತೆ ನಮಗೆ ಶುರುವಾಯಿತು. ಈಕೆ ಇಂಗ್ಲಿಷಿನಲ್ಲಿ ಏನಾದರೂ ಅಂದುಬಿಟ್ಟಾಳು ಎಂದು ಅವರಿಗೆ, ಅವರು ಅಂದಾರು ಎಂದು ನನಗೆ. ಕೊನೆಗೆ ಅವರೇ ಕೈಮುಗಿದರು.

"ಬರ್ರಿ ಟೀಚರ್ರ. ಚಹಾ ಕುಡದ್ ಬಂದೀರಿಲ್ಲೋ?"

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅವರದೂ ಇಳಿದಿರಬೇಕು, ಅವತ್ತು ತಾವೇ ಎರಡನೆಯ ಚಹಾ ತರಿಸಿದರು.

ಅವರ ಪಾಠವನ್ನು ಗೋಡೆಯಾಚೆಯಿಂದ ಕೇಳುತ್ತ ನಾನು ಮೊದಲ ವರ್ಷ ಕಳೆದೆ. ಒನ್ಸ್ ಅಂದ್ರ ಒಂದಾನೊಂದು ಕಾಲದಾಗ, ದೇರ್ ಅಂದ್ರ ಅಲ್ಲಿ, ಲಿವ್ಡ್ ಅಂದ್ರ ಇದ್ದ, ಎ ಅಂದ್ರ ಒಬ್ಬ, ಕಿಂಗ್ ಅಂದ್ರ ರಾಜಾ. ಎತ್ತಿನ ಗಾಡಿ ಹೋದ ಹಾಗೆ ಒಂದೇ ಗತಿಯಲ್ಲಿ ಪಾಠ ಸಾಗುತ್ತಿತ್ತು, ರಾಜ ಕಾಡಿಗೆ ಹೋಗಿ ಬೇಟೆಯಾಡಿ ತಿರುಗಿ ಬರುವಷ್ಟರಲ್ಲಿ ಒಂದು ತಿಂಗಳಾಗುತ್ತಿತ್ತು. ಎಂಟನೇ ಇಯತ್ತೆಗೆ ಹೊಸದಾಗಿ ಬಂದ ಹುಡುಗರಲ್ಲಿ ಎಷ್ಟೋ ಜನ "ಅಂದ್ರ" ಅನ್ನುವುದೂ ಇಂಗ್ಲಿಷ್ ಶಬ್ದವೇ ಎಂದು ತಿಳಿದಿದ್ದರು. ಪದೇಪದೇ ಬರುವುದರಿಂದ ಅದು ಬಹಳ ಮುಖ್ಯವಾದ ಶಬ್ದವಿರಬೇಕು ಎಂಬುದು ಅವರ ತರ್ಕ.

ಆದರೆ ಮಾಸ್ತರರ ನಿಜವಾದ ವಿದ್ಯೆ ಬೇರೆ ಇತ್ತು. ಎಂಥ ಹುಡುಗನನ್ನಾದರೂ ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದಕ್ಕೆ ಮುಟ್ಟಿಸುವ ವಿದ್ಯೆ ಅದು. ಪದ್ಯ ಬಾಯಿಪಾಠ ಮಾಡಿದರೆ ಇಷ್ಟು. ರಜೆಯ ಅರ್ಜಿಯಲ್ಲಿ ಎಡಕ್ಕೆ ಫ್ರಾಮ್, ಕೆಳಗೆ ಟು, ಕೊನೆಗೆ ಯುವರ್ಸ್ ಫೇತ್‌ಫುಲಿ ಬರೆದು ನಡುವೆ ಏನೇ ಇದ್ದರೂ ಇಷ್ಟು. ಹೊಂದಿಸಿ ಬರೆಯಿರಿ ಅಂದಲ್ಲಿ ಒಂದನ್ನೂ ಬಿಡಬಾರದು, ದೇವರು ಒಂದೆರಡಾದರೂ ಹೊಂದಿಸುತ್ತಾನೆ. ಪ್ರಬಂಧಕ್ಕೆ ಪ್ರಶ್ನೆಯಲ್ಲಿರುವ ಶಬ್ದಗಳನ್ನೇ ಹಿಂದುಮುಂದು ಮಾಡಿ ಅರ್ಧ ಪುಟ ತುಂಬಿಸಬೇಕು. ಫಲಿತಾಂಶದ ದಿನ ಊರವರು ಅವರಿಗೆ ಟೆಂಗಿನಕಾಯಿ ತಂದು ಕೊಡುತ್ತಿದ್ದರು. ಇಂಗ್ಲಿಷ್ ಒಂದು ಹಳ್ಳ ಇದ್ದ ಹಾಗೆ, ಈಜು ಕಲಿಸುವಷ್ಟು ಹೊತ್ತಿಲ್ಲ, ಕೈಹಿಡಿದು ದಾಟಿಸಿ ಬಿಟ್ಟರೆ ಸಾಕು ಅನ್ನುತ್ತಿದ್ದರು.

ನನಗೆ ಅದು ಸರಿಕಾಣಲಿಲ್ಲ. ಮರುವರ್ಷ ನನ್ನನ್ನು ಬೆಂಗಳೂರಿನ ಒಂದು ತರಬೇತಿಗೆ ಕಳಿಸಿದರು. ಅಲ್ಲಿ ಇಂಗ್ಲಿಷಿನ ತರಗತಿಯಲ್ಲಿ ಕನ್ನಡದ ಒಂದು ಶಬ್ದವೂ ಬರಕೂಡದು ಎಂದು ಹೇಳಿಕೊಟ್ಟರು. ತಿರುಗಿ ಬಂದವಳು ಸೋಮವಾರವೇ ಒಂಬತ್ತನೇ ಇಯತ್ತೆಯಲ್ಲಿ ಅದನ್ನು ಜಾರಿಗೆ ತಂದೆ. ನಾನು ಮನೆಯಲ್ಲಿ ಬರೆದು ಕಲಿತುಕೊಂಡು ಹೋದ ವಾಕ್ಯಗಳನ್ನು ಒಪ್ಪಿಸುತ್ತಿದ್ದೆ, ಹುಡುಗರು ಗುಡಿಯಲ್ಲಿ ಮಂತ್ರ ಕೇಳುವವರ ಹಾಗೆ ಭಕ್ತಿಯಿಂದ ಕೂತಿರುತ್ತಿದ್ದರು. ಅರ್ಥವಾಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಎಲ್ಲರೂ ಒಟ್ಟಿಗೆ "ಯೆಸ್ ಟೀಚರ್". ಅರ್ಥವಾಗಲಿಲ್ಲವೇ ಎಂದು ಕೇಳಿದರೂ "ಯೆಸ್ ಟೀಚರ್". ಇಷ್ಟು ಶಾಂತವಾದ ತರಗತಿ ಸಾಲೆಯಲ್ಲಿ ಇನ್ನೊಂದಿಲ್ಲ ಎಂದು ಹೆಡ್‌ಮಾಸ್ತರರು ಹೊಗಳಿದರು.

ಘಟಕ ಪರೀಕ್ಷೆಗೆ ನಾನು ಪುಸ್ತಕದಲ್ಲಿಲ್ಲದ ಒಂದು ಪರಿಚ್ಛೇದ ಕೊಟ್ಟು ಪ್ರಶ್ನೆ ಕೇಳಿದೆ. ಇಡೀ ತರಗತಿಯೇ ನಪಾಸಾಯಿತು. ಎರಡು ದಿನಕ್ಕೆ ಒಬ್ಬ ತಂದೆ ಸಾಲೆಗೆ ಬಂದರು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳುವ ಮನಸ್ಸಿನಿಂದ.

"ಬಾಯಾರ, ನಮ್ಮ ಹುಡುಗಿ ಮನ್ಯಾಗ ಎಲ್ಲಾ ಬರೋಬ್ಬರಿ ಕೇಳಿಸ್ಕೊಂಡು ಮಾತಾಡ್ತಾಳ್ರಿ. ಸಾಲ್ಯಾಗ ನೀವು ಮಾತಾಡಾಕ ನಿಂತ್ರ ತನಗ ಕಿವಿ ಕೇಳೂದಿಲ್ಲ ಅಂತಾಳ. ದವಾಖಾನಿಗೆ ತೋರಸ್ಬೇಕೇನ್ರಿ?"

ದವಾಖಾನೆ ಬೇಡ ಎಂದು ಹೇಳಿ ಕಳಿಸಿದೆ. ಮರುದಿನದಿಂದ ನನ್ನ ತರಗತಿಯಲ್ಲಿಯೂ ಗೋಡೆಗೆ ಕಿವಿಗೊಟ್ಟವರಿಗೆ "ಅಂದ್ರ" ಕೇಳಿಸತೊಡಗಿತು. ಊಟದ ಹೊತ್ತಿಗೆ ಮಾಸ್ತರರು ತಮ್ಮ ಡಬ್ಬಿಯ ಶೇಂಗಾ ಹಿಂಡಿಯನ್ನು ನನ್ನ ಕಡೆ ತುಸು ಹೆಚ್ಚೇ ಸರಿಸಿದರು.

ಹೀಗೆ ನಾವಿಬ್ಬರೂ ಒಬ್ಬರ ಇಂಗ್ಲಿಷನ್ನು ಇನ್ನೊಬ್ಬರು ಪರೀಕ್ಷಿಸದೆ ಸುಖವಾಗಿರುವಾಗ ಮೇಲಿನಿಂದ ಒಂದು ಆದೇಶ ಬಂತು. ಇನ್ನು ಮುಂದೆ ಹತ್ತನೇ ಇಯತ್ತೆಯವರಿಗೆ ಇಂಗ್ಲಿಷಿನಲ್ಲಿ ಮೌಖಿಕ ಪರೀಕ್ಷೆಯನ್ನೂ ಮಾಡಬೇಕು. ಅದಕ್ಕೆ ಹತ್ತು ಗುಣ, ಅಂದರೆ ಹತ್ತು ಅಂಕ. ಇಬ್ಬರು ಶಿಕ್ಷಕರು ಕೂಡಿ, ಪೂರ್ತಿ ಇಂಗ್ಲಿಷಿನಲ್ಲಿ ನಡೆಸಬೇಕು, ಪರಿವೀಕ್ಷಕರು ಬಂದು ಕೂತು ನೋಡುತ್ತಾರೆ. ಹೆಡ್‌ಮಾಸ್ತರರು ಗಣಿತದವರು. ಆದೇಶವನ್ನು ಗಟ್ಟಿಯಾಗಿ ಓದಿ, ತಮ್ಮ ವಿಷಯಕ್ಕೆ ಇಂಥದ್ದು ಬರಲಿಲ್ಲವೆಂದು ಕಿಟಕಿಯ ಕಡೆ ತಿರುಗಿ ನಕ್ಕರು.

ಆ ಸಂಜೆ ಮಾಸ್ತರರು ನನ್ನ ಜೊತೆ ಕ್ರಾಸಿನ ಕಡೆ ಹೊರಟರು. ನಿಂಬೆ ತೋಟ ದಾಟಿದ ಮೇಲೆ ನಿಂತರು.

"ಟೀಚರ್ರ, ನಿಮ್ಮ ಮುಂದ ಏನು ಮುಚ್ಚಿಡೂದು. ಇಷ್ಟ ವರ್ಷ ಇಂಗ್ಲಿಷ್ ಕಲಿಸೇನಿ. ಒಬ್ಬರ ಕೂಡ ಮಾತಾಡಿಲ್ಲ."

"ನಾನೂ ಮಾತಾಡಿಲ್ರಿ ಸರ್."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಬೆಂಗಳೂರಿಗೆ ಹೋಗಿ ಬಂದವರು ನೀವು ಎಂದರು. ಅಲ್ಲಿ ನಮಗೆ ಕೇಳಿಸಿದರು, ನಾವು ಬರೆದುಕೊಂಡೆವು, ಊಟದ ಹೊತ್ತಿಗೆ ಎಲ್ಲರೂ ಕನ್ನಡವೇ ಮಾತಾಡಿದೆವು ಎಂದು ನಾನು ಹೇಳಿದೆ. ಮಾಸ್ತರರಿಗೆ ಬಹಳ ಸಮಾಧಾನವಾಯಿತು. ಆಗಲೇ ಒಂದು ಕರಾರು ಮಾಡಿಕೊಂಡೆವು. ನಾಳೆಯಿಂದ ಕ್ರಾಸಿನಲ್ಲಿ ಬಸ್ಸಿಳಿದ ಮೇಲೆ ಸಾಲೆಯ ಗೇಟು ಬರುವ ತನಕ ಇಂಗ್ಲಿಷ್. ಅಡಚಣೆ ಬಂದರೆ ಸುಮ್ಮನಿರಬಹುದು, ಕನ್ನಡ ಬಳಸಕೂಡದು.

ಮರುದಿನ ಬಸ್ಸಿಳಿದು ಗುಡ್ ಮಾರ್ನಿಂಗ್ ಅಂದೆವು. ಇಂಡಿಯಿಂದ ಒಂದೇ ಬಸ್ಸಿನಲ್ಲಿ, ಹಿಂದುಮುಂದಿನ ಸೀಟುಗಳಲ್ಲಿ ಕೂತು ಬಂದವರು ಕೆಳಗಿಳಿದು ಹೀಗೆ ಅಂದದ್ದನ್ನು ಕಂಡಕ್ಟರ್ ವಿಚಿತ್ರವಾಗಿ ನೋಡಿದ.

"ಟುಡೇ ದಿ ಸನ್ ಈಸ್ ವೆರಿ ಹಾಟ್" ಎಂದರು ಮಾಸ್ತರರು.

"ಯೆಸ್ ಸರ್. ಯಸ್ಟರ್‌ಡೇ ಆಲ್ಸೊ ದಿ ಸನ್ ವಾಸ್ ವೆರಿ ಹಾಟ್" ಎಂದೆ ನಾನು.

ಅಲ್ಲಿಗೆ ಮಾತು ಮುಗಿಯಿತು. ನಮ್ಮ ಜಿಲ್ಲೆಯಲ್ಲಿ ಬಿಸಿಲಿನ ಬಗ್ಗೆ ಹೊಸದಾಗಿ ಹೇಳುವುದೇನೂ ಇರುವುದಿಲ್ಲ. ನಿಂಬೆ ತೋಟ ಬರುವ ತನಕ ಇಬ್ಬರೂ ಮುಂದಿನ ವಾಕ್ಯ ಕಟ್ಟುತ್ತ ನಡೆದೆವು. ತೋಟದ ಹತ್ತಿರ ಕುರಿಯ ಹಿಂಡೊಂದು ದಾರಿಗೆ ಅಡ್ಡ ಬಂತು. ಮಾಸ್ತರರ ಮುಖ ಅರಳಿತು. ಅವರಿಗೆ ವ್ಯಾಕರಣದಲ್ಲಿ ಬಹಳ ಪ್ರೀತಿಯ ಭಾಗ ಕರ್ಮಣಿ ಪ್ರಯೋಗ, ಆ ಪಾಠವೊಂದನ್ನು ಮಾತ್ರ ಅವರು ಪುಸ್ತಕ ತೆರೆಯದೆ ಮಾಡುತ್ತಿದ್ದರು. ಬೆತ್ತ ಎತ್ತಿದ ಹಾಗೆ ಕೊಡೆ ಎತ್ತಿ ಹೇಳಿದರು:

"ದಿ ರೋಡ್ ಈಸ್ ಬೀಯಿಂಗ್ ಕ್ರಾಸ್ಡ್ ಬೈ ದಿ ಶೀಪ್."

ತಪ್ಪಿಲ್ಲದ ವಾಕ್ಯ. ಕುರಿಯವನು ತನಗೇ ಬೈದರೆಂದು ತಿಳಿದು, ಹಿಂಡನ್ನು ಗಡಬಡಿಸಿ ಹೊಡೆದುಕೊಂಡು ಹೋದ.

ದಿನ ಹೋದ ಹಾಗೆ ಬಿಸಿಲು ಬಿಟ್ಟು ಬೇರೆ ವಿಷಯಗಳೂ ಬಂದವು. ಅವರ ಮಗಳ ಬಾಣಂತನ, ನಮ್ಮ ಅತ್ತೆಯ ಮಂಡಿನೋವು, ಹೆಡ್‌ಮಾಸ್ತರರ ವೇಳಾಪಟ್ಟಿ. ಮಾತಿಗಿಂತ ಮೌನವೇ ಹೆಚ್ಚಿರುತ್ತಿತ್ತು. ಕ್ರಾಸಿನ ಚಹಾದಂಗಡಿಯವನು ಇದನ್ನೆಲ್ಲ ನೋಡುತ್ತಲೇ ಇದ್ದ. ಒಂದು ಸಂಜೆ ಬಸ್ಸಿಗೆ ಕಾಯುವಾಗ ಮಾಸ್ತರರನ್ನು ಬದಿಗೆ ಕರೆದು, ನಿಮ್ಮಿಬ್ಬರ ನಡುವೆ ಏನಾದರೂ ಮನಸ್ತಾಪವಾಗಿದೆಯೇ ಎಂದು ಕೇಳಿದನಂತೆ. ಮೊದಲು ಹರಟೆ ಹೊಡೆಯುತ್ತ ಹೋಗುತ್ತಿದ್ದವರು ಈಗ ಒಂದು ಮಾತಾಡುತ್ತೀರಿ, ನಾಲ್ಕು ಮಾರು ಸುಮ್ಮನೆ ನಡೆಯುತ್ತೀರಿ, ಮುಖ ಬೇರೆ ಗಂಟು ಹಾಕಿಕೊಂಡಿರುತ್ತೀರಿ, ಬೇಕಾದರೆ ನಾನು ನಡುವೆ ಬಂದು ಬಗೆಹರಿಸುತ್ತೇನೆ ಎಂದನಂತೆ. ಇಂಗ್ಲಿಷ್ ಮಾತಾಡುತ್ತಿದ್ದೇವೆ ಎಂದು ಮಾಸ್ತರರು ಹೇಳಿದರು. ಅವನು ನಂಬಲಿಲ್ಲ. ಇಂಗ್ಲಿಷ್ ಮಾತಾಡುವವರನ್ನು ಅವನು ಟಿವಿಯಲ್ಲಿ ನೋಡಿದ್ದ, ಅವರು ಇಷ್ಟು ಕಷ್ಟಪಡುವುದಿಲ್ಲ.

ಮಾಸ್ತರರ ಹೆಂಡತಿ ನನಗೆ ಇಂಡಿಯ ಸಂತೆಯಲ್ಲಿ ಸಿಕ್ಕರು. ಮೆಂತ್ಯದ ಸಿವುಡು ಕೈಯಲ್ಲಿ ಹಿಡಿದುಕೊಂಡೇ ನನ್ನ ಮೇಲೆ ದೂರು ಶುರು ಮಾಡಿದರು.

"ಏನ್ ರೂಢಿ ಹಚ್ಚೀರಿ ಟೀಚರ್ರ ಇವರಿಗೆ? ಮಜ್ಜಿಗಿ ಸಾಕು ಅನ್ನಾಕೂ ಇಂಗ್ಲಿಷ್‌ನ್ಯಾಗ ಅಂತಾರ. ನನಗ ತಿಳೀದ ಗಂಗಾಳ ತುಂಬ ಹಾಕೇನಿ. ಮ್ಯಾಲ ಸಿಟ್ಟ ಮಾಡ್ತಾರ."

ದೂರಿನಲ್ಲಿ ಅಭಿಮಾನ ಬೆರೆತಿತ್ತು. ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದವರಿಗೂ ಕೇಳಲಿ ಎಂಬಂತೆ ಹೇಳುತ್ತಿದ್ದರು.

ಹುಡುಗರಿಂದ ಇದನ್ನು ಬಚ್ಚಿಡಲು ಆಗಲಿಲ್ಲ. ತೊಗರಿ ಎದೆಮಟ್ಟ ಬೆಳೆದಿತ್ತು, ಅದರ ಹಿಂದೆ ಯಾರು ಯಾರು ನಡೆಯುತ್ತಿದ್ದರೋ ನಮಗೆ ತಿಳಿಯಲಿಲ್ಲ. ಒಂದು ದಿನ ಸಾಲೆಯ ಗೇಟಿನಲ್ಲಿ ಎಂಟನೇ ಇಯತ್ತೆಯವನೊಬ್ಬ ನನಗೆ ಕೈಮುಗಿದು "ದಿ ಸನ್ ಈಸ್ ವೆರಿ ಹಾಟ್" ಎಂದ. ವಾರದೊಳಗೆ ಅದು ಇಡೀ ಸಾಲೆಯ ನಮಸ್ಕಾರವಾಯಿತು. ತುಂತುರು ಮಳೆ ಹಿಡಿದ ದಿನವೂ ಚೀಲ ತಲೆಯ ಮೇಲೆ ಹೊತ್ತು ಓಡಿಬಂದವರು ತೊಯ್ದ ಮುಖದಿಂದ ಅದನ್ನೇ ಹೇಳಿದರು. ಹತ್ತನೆಯವರಿಗೆ ನಾವು ಪ್ರಶ್ನೆಗಳ ತಯಾರಿ ಮಾಡಿಸತೊಡಗಿದೆವು. ಹೆಸರು, ಊರು, ತಂದೆಯ ಉದ್ಯೋಗ, ನಿನ್ನೆ ಏನು ಮಾಡಿದಿ. ಮಾಸ್ತರರು ಎಲ್ಲಕ್ಕೂ ಉತ್ತರ ಬರೆಸಿ ಬಾಯಿಪಾಠ ಹಾಕಿಸಿದರು. ನಾನು ಬೇಡ ಅನ್ನಲಿಲ್ಲ, ನನ್ನ ಪ್ರಶ್ನೆಗಳೂ ಬಾಯಿಪಾಠದವೇ ಆಗಿದ್ದವು.

ಪರೀಕ್ಷೆಯ ದಿನ ಪರಿವೀಕ್ಷಕರು ಮೋಟರ್ ಸೈಕಲ್ ಮೇಲೆ ಬಂದರು. ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನಲ್ಲೇ ನಿಂತಿದ್ದರು. ಸ್ವಾಗತದ ನಾಲ್ಕು ವಾಕ್ಯಗಳನ್ನು ಹಿಂದಿನ ವಾರವೆಲ್ಲ ನಿಂಬೆ ತೋಟಕ್ಕೆ ಒಪ್ಪಿಸಿದ್ದರು. ಅವನ್ನು ಒಂದೂ ಬಿಡದೆ ಹೇಳಿದರು. ಪರಿವೀಕ್ಷಕರು ಹೆಲ್ಮೆಟ್ ತೆಗೆದು, ತುಸು ಸಂಕೋಚದಿಂದ, ಇಂಗ್ಲಿಷ್ ಪರಿವೀಕ್ಷಕರ ಜಾಗ ಖಾಲಿ ಇದೆ, ತಾನು ವಿಜ್ಞಾನದವನು, ಅದರ ಭಾರವೂ ತನ್ನ ಮೇಲೆಯೇ ಬಿದ್ದಿದೆ ಎಂದು ಕನ್ನಡದಲ್ಲಿ ಹೇಳಿದರು. ನೀವು ನಡೆಸಿರಿ, ನಾನು ಸುಮ್ಮನೆ ಕೂತಿರುತ್ತೇನೆ ಎಂದರು. ಆರು ತಿಂಗಳ ನಮ್ಮ ಭಯ ಒಂದು ನಿಮಿಷದಲ್ಲಿ ಹೋಯಿತು, ಅದರ ಜೊತೆಗೆ ಏನೋ ಕಳೆದುಕೊಂಡ ಹಾಗೂ ಆಯಿತು.

ವಿಜ್ಞಾನದ ಕೋಣೆಯಲ್ಲಿ ಪರೀಕ್ಷೆ. ನಾವು ಮೂವರು ಮೇಜಿನ ಹಿಂದೆ, ಹುಡುಗರು ಒಬ್ಬೊಬ್ಬರಾಗಿ ಎದುರಿಗೆ, ಉಳಿದವರು ಹೊರಗೆ ಕಿಟಕಿಗೆ ಜೋತುಬಿದ್ದು. ನನ್ನ ಮುಂದೆ ತರಬೇತಿಯಲ್ಲಿ ಕೊಟ್ಟಿದ್ದ ತಖ್ತೆಯ ಪ್ರತಿ. ಉಚ್ಚಾರ, ವ್ಯಾಕರಣ, ಶಬ್ದಸಂಪತ್ತು, ನಿರರ್ಗಳತೆ, ಧೈರ್ಯ, ಒಂದೊಂದಕ್ಕೆ ಎರಡೆರಡು ಗುಣ.

ತಂದೆ ಏನು ಮಾಡುತ್ತಾರೆ ಎಂದು ಕೇಳಿದರೆ ಬಂದವರೆಲ್ಲ ಮೈ ಫಾದರ್ ಈಸ್ ಎ ಫಾರ್ಮರ್ ಎಂದರು. ಬಹುತೇಕ ಅದು ಖರೆಯೇ ಆಗಿತ್ತು. ಆದರೆ ಊರಿನ ಒಬ್ಬನೇ ದರ್ಜಿಯ ಮಗನೂ ಹಾಗೇ ಅಂದಾಗ, ನಿಮ್ಮಪ್ಪ ಬಟ್ಟೆ ಹೊಲಿಯುತ್ತಾನಲ್ಲ, ಅದನ್ನು ಹೇಳು ಎಂದು ಮಾಸ್ತರರು ಮೆಲ್ಲಗೆ ಸೂಚಿಸಿದರು. ಹುಡುಗ ಬಹಳ ಯೋಚಿಸಿ ಕನ್ನಡದಲ್ಲಿ ಕೇಳಿದ:

"ಸರ್ರ, ಟೇಲರ್ ಅನ್ನೂದಕ್ಕ ಇಂಗ್ಲಿಷ್‌ನ್ಯಾಗ ಏನಂತಾರ್ರಿ?"

ಪರಿವೀಕ್ಷಕರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು.

ಆಮೇಲೆ ತರಗತಿಗೆ ಮೊದಲ ನಂಬರಿನ ಹುಡುಗ ಬಂದ. ನಿಮ್ಮ ಊರಿನ ಬಗ್ಗೆ ಹೇಳು ಎಂದೆ. ಕಣ್ಣು ಮುಚ್ಚಿ ಶುರು ಮಾಡಿದವನು ಉಸಿರು ತೆಗೆದುಕೊಳ್ಳಲಿಲ್ಲ. ಅವನ ಊರು ಸುಂದರ ನದಿಯೊಂದರ ದಂಡೆಯ ಮೇಲಿತ್ತು. ಸುತ್ತ ಹಸಿರು ಬೆಟ್ಟಗಳಿದ್ದವು. ಮುಂಜಾನೆ ಹಕ್ಕಿಗಳು ಹಾಡುತ್ತಿದ್ದವು, ರೈತರು ಕುಣಿಯುತ್ತಿದ್ದರು. ಗೈಡು ಬರೆದ ಪುಣ್ಯಾತ್ಮನ ಊರು ಯಾವುದೋ ಏನೋ. ನಮ್ಮ ಆ ಊರಿನಲ್ಲಿ ನೀರು ಬೋರಿನಿಂದ ಬರುತ್ತಿತ್ತು, ಕರೆಂಟು ಇದ್ದರೆ. ಆದರೆ ಉಚ್ಚಾರ ಸ್ವಚ್ಛ, ವ್ಯಾಕರಣ ಸ್ವಚ್ಛ, ಎಲ್ಲಿಯೂ ತಡವರಿಸಲಿಲ್ಲ. ನನ್ನ ತಖ್ತೆಯ ಐದೂ ಮನೆಗಳಲ್ಲಿ ಎರಡೆರಡು ಬಿದ್ದವು.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಬೆಂಚಿನ ಒಬ್ಬ ಹುಡುಗಿ ಬಂದಳು. ಬರೆಯುವ ಪರೀಕ್ಷೆಯಲ್ಲಿ ಆಕೆ ಒಂದು ಸಲವೂ ಇಂಗ್ಲಿಷ್ ದಾಟಿರಲಿಲ್ಲ. ಮಾಸ್ತರರು ಆಕೆಗೆ ಸುಲಭವಾದದ್ದನ್ನೇ ಕೇಳಿದರು, ನಿನ್ನೆ ಏನು ಮಾಡಿದಿ. ಬಾಯಿಪಾಠದ ಉತ್ತರ: ಯಸ್ಟರ್‌ಡೇ ಐ ಕೇಮ್ ಟು ಸ್ಕೂಲ್. ಆದರೆ ನಿನ್ನೆ ಆಕೆ ಸಾಲೆಗೆ ಬಂದಿರಲಿಲ್ಲ. ಕಲಿತ ಉತ್ತರ ಹೇಳಿದರೆ ಸುಳ್ಳಾಗುತ್ತಿತ್ತು, ಮತ್ತು ಹಾಜರಿ ಕರೆಯುವವಳು ನಾನು ಎದುರಿಗೇ ಕೂತಿದ್ದೆ.

"ನೋ ಸ್ಕೂಲ್ ಸರ್. ಬಫೆಲೋ."

"ವಾಟ್ ಬಫೆಲೋ?"

"ಬಫೆಲೋ ಬೇಬಿ ಕಮ್ ಸರ್. ಒನ್ ಲೆಗ್ ಕಮ್. ಒನ್ ಲೆಗ್ ನೋ ಕಮ್."

ಎಮ್ಮೆ ಈಯುತ್ತಿತ್ತು, ಕರು ಅಡ್ಡ ಸಿಕ್ಕಿತ್ತು. ಮಾಸ್ತರರು ಮೇಜಿನ ಮೇಲೆ ಮುಂದಕ್ಕೆ ಬಾಗಿದರು. "ದೆನ್?" ಎಂದರು. ಅವರ ದನಿ ಬೇರೆಯಾಗಿತ್ತು. ಅಷ್ಟು ವರ್ಷಗಳಲ್ಲಿ ಅವರು ಮಕ್ಕಳಿಗೆ ಇಂಗ್ಲಿಷಿನಲ್ಲಿ ಸಾವಿರಾರು ಪ್ರಶ್ನೆ ಕೇಳಿರಬೇಕು, ಎಲ್ಲದರ ಉತ್ತರ ಅವರಿಗೆ ಮೊದಲೇ ಗೊತ್ತಿತ್ತು. ಇದರದು ಗೊತ್ತಿರಲಿಲ್ಲ.

"ಫಾದರ್ ನೋ ಹೋಮ್. ಮದರ್ ಕ್ರೈ. ಐ ಪುಟ್ ಹ್ಯಾಂಡ್."

"ವೇರ್?" ಎಂದು ಕೇಳಿದವರು ಪರಿವೀಕ್ಷಕರು. ಬೆಳಗಿನಿಂದ ಅವರ ಬಾಯಿಂದ ಬಂದ ಮೊದಲ ಇಂಗ್ಲಿಷ್ ಶಬ್ದ ಅದು.

"ಇನ್‌ಸೈಡ್ ಸರ್." ಆಕೆ ತೋಳು ಏರಿಸಿ, ಮೊಣಕೈಯವರೆಗೆ ತೋರಿಸಿದಳು. ಮೆಲ್ಲಗೆ ಕಾಲು ಹುಡುಕಿ ತಿರುಗಿಸಿದ್ದು, ತಾಯಿ ಮಗಳು ಕೂಡಿ ಎಳೆದದ್ದು, ಕರು ನೆಲಕ್ಕೆ ಬಿದ್ದು ಅಲುಗಾಡದೆ ಇದ್ದದ್ದು, ಮೂಗು ಒರೆಸಿ ತಾನು ಉಸಿರು ಊದಿದ್ದು, ಇಷ್ಟನ್ನೂ ಹತ್ತೋ ಹದಿನೈದೋ ಶಬ್ದಗಳಲ್ಲಿ, ಉಳಿದದ್ದನ್ನು ಕೈಯಲ್ಲಿ ಹೇಳಿದಳು. ಕಿಟಕಿಯಲ್ಲಿ ಜೋತುಬಿದ್ದವರು ಗದ್ದಲ ನಿಲ್ಲಿಸಿದ್ದರು. ಅಷ್ಟಕ್ಕೆ ಆಕೆಯ ಶಬ್ದಗಳು ಮುಗಿದವು. ಥ್ಯಾಂಕ್ಯೂ ಸರ್ ಎಂದು ಹೊರಡಲು ತಿರುಗಿದಳು.

"ಬೇಬಿ?" ಎಂದರು ಮಾಸ್ತರರು, ಅರ್ಧ ಎದ್ದು ನಿಂತು. "ನೌ, ಬೇಬಿ?"

"ಡ್ರಿಂಕಿಂಗ್ ಮಿಲ್ಕ್ ಸರ್."

ಆಕೆ ಹೋದ ಮೇಲೆ ನಾನು ತಖ್ತೆ ತುಂಬಿದೆ. ಉಚ್ಚಾರ ಅರ್ಧ. ವ್ಯಾಕರಣ ಸೊನ್ನೆ, ಕೊನೆಯ ವಾಕ್ಯಕ್ಕಾಗಿ ಅರ್ಧ. ಹಾಗೆ ಕೂಡಿಸುತ್ತ ಹೋದರೆ ನಾಲ್ಕಾಯಿತು. ಮಾಸ್ತರರು ಅದನ್ನು ನೋಡಿ ಕಿಟಕಿಯ ಕಡೆ ಕಣ್ಣು ಹಾಯಿಸಿದರು. ಹುಡುಗರೆಲ್ಲ ಅಲ್ಲೇ ಇದ್ದರು. ಅವರ ಮುಂದೆ ಕನ್ನಡದಲ್ಲಿ ಗುಣದ ಮಾತು ಆಡುವಂತಿರಲಿಲ್ಲ.

"ಗಿವ್ ಹರ್ ನೈನ್" ಎಂದರು ತಗ್ಗಿದ ದನಿಯಲ್ಲಿ.

"ಹೌ ಕ್ಯಾನ್ ಐ ಗಿವ್ ನೈನ್ ಸರ್? ನಾಟ್ ಒನ್ ವರ್ಬ್ ಈಸ್ ಕರೆಕ್ಟ್."

"ಡಿಡ್ ಯು ಅಂಡರ್‌ಸ್ಟ್ಯಾಂಡ್ ಆರ್ ನಾಟ್?"

"ಐ ಅಂಡರ್‌ಸ್ಟುಡ್. ಬಟ್ ದಟ್ ಬಾಯ್ ಸ್ಪೋಕ್ ಫುಲ್ ಸೆಂಟೆನ್ಸಸ್."

"ದಟ್ ಬಾಯ್," ಎಂದು ಮಾಸ್ತರರು ಕೈ ಹೊರಗೆ ಚಾಚಿದರು, ದನಿ ಈಗ ತಗ್ಗಿರಲಿಲ್ಲ. "ವೇರ್ ಈಸ್ ಹಿಸ್ ರಿವರ್? ಯು ಆರ್ ವಾಕಿಂಗ್ ಡೇಲಿ. ಹ್ಯಾವ್ ಯು ಸೀನ್ ಎನಿ ರಿವರ್?"

ನಾನೂ ಬಿಡಲಿಲ್ಲ. ಹಾಗಾದರೆ ವ್ಯಾಕರಣ ಯಾಕೆ ಕಲಿಸಬೇಕು, ನೀವೇ ಕರ್ಮಣಿ ಪ್ರಯೋಗಕ್ಕೆ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತೀರಲ್ಲ ಎಂದೆ. ಅದು ಬೇರೆ, ಇದು ಬೇರೆ ಎಂದರು. ಹೇಗೆ ಬೇರೆ ಎಂದೆ. ಎಲ್ಲವೂ ಇಂಗ್ಲಿಷಿನಲ್ಲೇ, ಒಬ್ಬರ ಮಾತು ಇನ್ನೊಬ್ಬರು ತಡೆಯುತ್ತ. ಪರಿವೀಕ್ಷಕರು ಟೆನಿಸ್ ನೋಡುವವರ ಹಾಗೆ ಈ ಕಡೆ ಆ ಕಡೆ ತಿರುಗುತ್ತಿದ್ದರು. ಗದ್ದಲ ಕೇಳಿ ಹೆಡ್‌ಮಾಸ್ತರರು ಸುಣ್ಣದ ಕಡ್ಡಿ ಕೈಯಲ್ಲಿಯೇ ಹಿಡಿದು ಓಡಿಬಂದರು. ಏನಾಯಿತು, ಯಾಕೆ ಜಗಳ ಎಂದು ಕೇಳಿದರು.

ಮಾಸ್ತರರ ಹಣೆ ಬೆವರಿತ್ತು. ನನ್ನ ಕಡೆ ಬಾಗಿ, ಬಹಳ ಮೆಲ್ಲಗೆ ಹೇಳಿದರು.

"ಟೀಚರ್ರ, ನಾವೀಗ ಮಾತಾಡಿದ್ವಿ ನೋಡ್ರಿ."

ಎಷ್ಟೋ ತಿಂಗಳು ತೊಗರಿಯ ನಡುವೆ ಹುಡುಕಿದರೂ ಸಿಗದ ಇಂಗ್ಲಿಷು ಜಗಳಕ್ಕೆ ನಿಂತ ಕೂಡಲೇ ಸಿಕ್ಕಿತ್ತು. ನನಗೆ ನಗು ಬಂತು, ಅವರಿಗೂ ಬಂತು. ನಕ್ಕ ಮೇಲೆ ಗುಣಕ್ಕಾಗಿ ಜಗಳಾಡುವುದು ಕಷ್ಟ. ಪರಿವೀಕ್ಷಕರು ಸಂಧಾನ ಮಾಡಿ ಆ ಹುಡುಗಿಗೂ ಮೊದಲ ನಂಬರಿನ ಹುಡುಗನಿಗೂ ಎಂಟೆಂಟು ಹಾಕಿಸಿ ಸಹಿ ಮಾಡಿದರು. ಹೊರಡುವಾಗ ಅಂಗಳದಲ್ಲಿ ಆ ಹುಡುಗಿಯನ್ನು ಕರೆದು, ಕರು ಹೆಣ್ಣೋ ಗಂಡೋ ಎಂದು ಕೇಳಿಕೊಂಡು ಹೋದರು. ಹೆಣ್ಣು.

ಮೊದಲ ನಂಬರಿನ ಹುಡುಗ ಎರಡು ಗುಣ ಹೋದದ್ದಕ್ಕೆ ಅತ್ತ. ಮರುದಿನ ಮಾಸ್ತರರ ಹತ್ತಿರ ಬಂದು ತನ್ನದು ಏನು ತಪ್ಪಾಯಿತು ಎಂದು ಕೇಳಿದ. ತಪ್ಪೇನೂ ಇಲ್ಲ, ಇವತ್ತು ನಿಮ್ಮ ಮನೆಯಲ್ಲಿ ಏನು ಅಡುಗೆ ಮಾಡಿದ್ದರು, ಅದನ್ನು ಇಂಗ್ಲಿಷಿನಲ್ಲಿ ಹೇಳು ಎಂದರು. ಗೈಡಿನಲ್ಲಿ ಅದು ಇರಲಿಲ್ಲ. ಕೊನೆಗೆ, ರೊಟ್ಟಿ, ಬದನೆಕಾಯಿ, ಟೂ ಮಚ್ ಖಾರ ಎಂದ. ಮಾಸ್ತರರು ಅವನ ಅಂಗೈ ಹಿಡಿದು ಕೆಂಪು ಪೆನ್ನಿನಿಂದ ಅದರ ಮೇಲೆ ಎರಡು ಎಂದು ಬರೆದರು. ಅವನು ದಿನವಿಡೀ ಆ ಕೈ ತೊಳೆಯಲಿಲ್ಲ ಎಂದು ಅವನ ಗೆಳೆಯರು ಹೇಳಿದರು.

ಆ ಗುಣಗಳನ್ನು ಇಂಡಿಯ ಶಿಕ್ಷಣ ಕಚೇರಿಗೆ ಕಳಿಸಿದೆವು. ಯಾರೂ ಅವನ್ನು ಎಲ್ಲಿಯೂ ಸೇರಿಸಿದಂತೆ ಕಾಣಲಿಲ್ಲ. ಮುಂದಿನ ವರ್ಷ ಮೌಖಿಕ ಪರೀಕ್ಷೆಯ ಬಗ್ಗೆ ಆದೇಶವೂ ಬರಲಿಲ್ಲ, ಬೇಡವೆಂಬ ಆದೇಶವೂ ಬರಲಿಲ್ಲ. ಆ ಹುಡುಗಿಯನ್ನು ಮಾಸ್ತರರು ಕೊನೆಯ ಎರಡು ತಿಂಗಳು ಬಿಟ್ಟೂ ಬಿಡದೆ ಕೂರಿಸಿ ಫ್ರಾಮ್, ಟು, ಯುವರ್ಸ್ ಫೇತ್‌ಫುಲಿ ಮಾಡಿ, ಎಸ್ಸೆಸ್ಸೆಲ್ಸಿಯ ಇಂಗ್ಲಿಷನ್ನು ಕೂದಲೆಳೆಯಲ್ಲಿ ದಾಟಿಸಿದರು. ಆಕೆ ಬಿದ್ದದ್ದು ಗಣಿತದಲ್ಲಿ. ಹೆಡ್‌ಮಾಸ್ತರರು ಆ ವಾರ ಸ್ಟಾಫ್ ರೂಮಿನ ಕಡೆ ಬರಲಿಲ್ಲ. ಆಕೆ ಮತ್ತೆ ಕಟ್ಟಿ ಅದನ್ನೂ ದಾಟಿದಳು.

ಮಾಸ್ತರರು ಮುಂದಿನ ವರ್ಷ ನಿವೃತ್ತರಾದರು. ಬೀಳ್ಕೊಡುವ ದಿನ ಹುಡುಗರು, ಸರ್ ಇಂಗ್ಲಿಷಿನಲ್ಲಿ ಮಾತಾಡಲಿ ಎಂದು ಹಿಂದಿನಿಂದ ಕೂಗಿದರು. ಅವರು ಮೈಕಿನ ಮುಂದೆ ನಿಂತು, "ಅಳು ಬರೂ ಹೊತ್ತಿನ್ಯಾಗ ಇಂಗ್ಲಿಷ್ ಬರೂದಿಲ್ಲಪಾ" ಎಂದು ಕನ್ನಡದಲ್ಲಿ ಎರಡು ಮಾತು ಹೇಳಿ ಕೂತರು. ಅವರ ಹೆಂಡತಿ ಮುಂದಿನ ಸಾಲಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವರು ಹೋದ ಮೇಲೆ ನಾನು ಶನಿವಾರದ ಒಂದು ತಾಸನ್ನು ಮನೆಯ ಸುದ್ದಿಗೆಂದು ಬಿಟ್ಟೆ. ಪುಸ್ತಕ ಮುಚ್ಚಬೇಕು, ಯಾರ ಮನೆಯಲ್ಲಿ ಏನಾಯಿತೋ ಅದನ್ನು ಬಂದಷ್ಟು ಇಂಗ್ಲಿಷಿನಲ್ಲಿ ಹೇಳಬೇಕು. ಕೇಳುವವರು ಪ್ರಶ್ನೆ ಹಾಕಬೇಕು. ಗುಣ ಇಲ್ಲ. ಇದರಿಂದ ಅವರ ಇಂಗ್ಲಿಷ್ ಎಷ್ಟು ಸುಧಾರಿಸಿತೋ ಹೇಳಲಾರೆ, ಊರಿನ ಗುಟ್ಟೆಲ್ಲ ನನಗೆ ಗೊತ್ತಾಗತೊಡಗಿತು. ಹೆಡ್‌ಮಾಸ್ತರರು ಹೊಸ ಮೋಟರ್ ಸೈಕಲ್ ಕೊಂಡದ್ದೂ, ಅದು ಅವರ ಮನೆಯವರಿಗೆ ಒಪ್ಪಿಗೆಯಾಗದ್ದೂ ನನಗೆ ತಿಳಿದದ್ದು ಹೀಗೆಯೇ.

ಒಂದು ಶನಿವಾರ ಒಂಬತ್ತನೇ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತು, ತನ್ನ ಕಾಕಾನ ಲಗ್ನ ನಿಶ್ಚಯವಾಗಿದೆ, ಕಾಕಾನಿಗೆ ಹುಡುಗಿ ಸೇರಿದ್ದಾಳೆ, ಹುಡುಗಿಗೆ ಕಾಕಾ ಸೇರಿಲ್ಲ ಎಂದು ವರದಿ ಕೊಟ್ಟ. ಯಾಕೆ, ಏನು, ಹುಡುಗಿ ಯಾವ ಊರು, ಕಾಕಾನ ಮೀಸೆ ಹೇಗಿದೆ ಎಂದು ಪ್ರಶ್ನೆಗಳು ಬಿದ್ದವು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಮುಂದಿನ ಶನಿವಾರ ನಾನು ಒಳಗೆ ಕಾಲಿಡುವ ಮೊದಲೇ ಹುಡುಗಿಯರ ಸಾಲಿನಿಂದ ಅಂಕಲ್ ನ್ಯೂಸ್ ಎಂಬ ಬೇಡಿಕೆ ಬಂತು. ಹುಡುಗ ಗಂಭೀರವಾಗಿ ಎದ್ದು ನಿಂತ.

"ಮ್ಯಾರೇಜ್ ಕ್ಯಾನ್ಸಲ್ ಟೀಚರ್. ಅಂಕಲ್ ವೆರಿ ಸ್ಯಾಡ್. ಈಟಿಂಗ್ ನಾರ್ಮಲ್."

ತಿದ್ದಬೇಕೆಂದು ಸುಣ್ಣದ ಕಡ್ಡಿ ಎತ್ತಿಕೊಂಡೆ. ಎಲ್ಲಿ ತಿದ್ದುವುದೋ ತಿಳಿಯಲಿಲ್ಲ. ಮುಂದಿನವರು ಹೇಳಿ ಎಂದು ಕೂತೆ.